"ಇಲ್ ಫೋ ಕ" ಆದಮೇಲೆ ಏನು ಹಾಕ್ಬೇಕು? ಫ್ರೆಂಚ್ ಸಬ್ಜಂಕ್ಟಿವ್ ತಲೆ ತಿಂತಿದೆ

ಬೀಒನ್_ಬವಣೆ · ರಾತ್ರಿ 9:12
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ದೆಲ್ಫ್ ಬಿ1 (ಮಧ್ಯಮ ಮಟ್ಟದ ಫ್ರೆಂಚ್) ಪರೀಕ್ಷೆ. ಕೇಳೋದು, ಓದೋದು ಹೇಗೋ ದಾಟ್ತೀನಿ. ಬರವಣಿಗೆಯಲ್ಲಿ ಮಾತ್ರ ಪ್ರತಿ ಸಲ ಒಂದೇ ಜಾಗದಲ್ಲಿ ಕೆಂಪು ಗೆರೆ. ಇಲ್ ಫೋ ಕ (ಹೀಗಾಗಬೇಕು), ಇಲ್ ಎ ಪೊಸೀಬ್ಲ್ ಕ (ಹೀಗಾಗೋ ಸಾಧ್ಯತೆ ಇದೆ) ಅಂತ ಯಾರನ್ನೂ ಹೆಸರಿಸದೆ ಶುರುವಾಗೋ ವಾಕ್ಯಗಳಿವೆಯಲ್ಲ, ಅವುಗಳ ಮುಂದೆ ಸಬ್ಜಂಕ್ಟಿವ್, ಅಂದ್ರೆ ಕ್ರಿಯಾಪದದ ಬೇರೆ ರೂಪ, ಅಂತ ಕ್ಲಾಸಲ್ಲಿ ಹೇಳಿದ್ರು. ಸರಿ ಅಂತ ಎಲ್ಲದಕ್ಕೂ ಹಾಕಿದೆ. ನಿನ್ನೆ ವಾಪಸ್ ಬಂದ ಹಾಳೆ ಹೀಗಿದೆ:

ಇಲ್ ಎ ಪೊಸೀಬ್ಲ್ ಕಿಲ್ ವಿಯೆನ್ (ಅವನು ಬರೋ ಸಾಧ್ಯತೆ ಇದೆ): ಸರಿ.
ಇಲ್ ಎ ಪ್ರೊಬಾಬ್ಲ್ ಕಿಲ್ ವಿಯೆನ್ (ಬಹುಶಃ ಬರ್ತಾನೆ): ತಪ್ಪು. ಮಾಮೂಲಿ ರೂಪ ವ್ಯಾಂದ್ರಾ ಆಗ್ಬೇಕಂತೆ.
ಸೆ ದೊಮಾಜ್ ಕಿಲ್ ಸ್ವಾ ಮಲಾದ್ (ಪಾಪ, ಅವನಿಗೆ ಹುಷಾರಿಲ್ಲದ್ದು ಬೇಜಾರು): ಸರಿ.
ಇಲ್ ಪಾರೆ ಕಿಲ್ ಸ್ವಾ ಮಲಾದ್ (ಅವನಿಗೆ ಹುಷಾರಿಲ್ವಂತೆ): ತಪ್ಪು. ಸ್ವಾ ಅಲ್ಲ, ಮಾಮೂಲಿ ರೂಪ ಎ.

"ಅನುಮಾನ ಇದ್ರೆ ಸಬ್ಜಂಕ್ಟಿವ್, ಖಾತ್ರಿ ಇದ್ರೆ ಇಂಡಿಕೇಟಿವ್ (ಮಾಮೂಲಿ ರೂಪ)" ಅನ್ನೋದು ನಮಗೆ ಕೊಟ್ಟ ಸೂತ್ರ. ಆದ್ರೆ ಮೂರನೇದ್ರಲ್ಲಿ ಅವನಿಗೆ ಹುಷಾರಿಲ್ಲ ಅನ್ನೋದು ಖಾತ್ರಿನೇ, ಆದ್ರೂ ಸಬ್ಜಂಕ್ಟಿವ್. ನಾಲ್ಕನೇದು ಬರೀ ಗಾಳಿಮಾತು, ಅಲ್ಲಿ ಇಂಡಿಕೇಟಿವ್! ಸೂತ್ರಕ್ಕೆ ಪೂರ್ತಿ ಉಲ್ಟಾ. ಯಾರಾದ್ರೂ ಬಿಡಿಸಿ ಹೇಳ್ತೀರಾ?

ಕಾಪಿಪುಡಿ · ರಾತ್ರಿ 9:20
ಪಟ್ಟಿ ಬಾಯಿಪಾಠ ಮಾಡಿ. ಮುಗೀತು. ನಾನು ಹಾಗೇ ಪಾಸಾಗಿದ್ದು.

ಬೀಒನ್_ಬವಣೆ · ರಾತ್ರಿ 9:22
ಪಟ್ಟಿ ಇದೆ ಸಾರ್, ಎರಡು ಪುಟ. ಪರೀಕ್ಷೆ ಹಾಲ್‌ನಲ್ಲಿ ಎರಡೂ ಪುಟ ಕಲಸಿ ಚಿತ್ರಾನ್ನ ಆಗುತ್ತೆ.

ಲಿಯೋನ್‌_ವಾಸಿ · ರಾತ್ರಿ 9:41
ಆರು ವರ್ಷದಿಂದ ಇಲ್ಲಿದೀನಿ. ಒಂದು ಸಮಾಧಾನ ಹೇಳ್ತೀನಿ: ದಿನಬಳಕೆಯಲ್ಲಿ ನಿಮ್ಮ ಕಿವಿಗೆ ಬೀಳೋ ಸಬ್ಜಂಕ್ಟಿವ್‌ನಲ್ಲಿ ದೊಡ್ಡ ಪಾಲು "ಇಲ್ ಫೋ ಕ" ಒಂದರದ್ದೇ. ಅದರಲ್ಲೂ "ಇಲ್" ಅನ್ನ ಯಾರೂ ಹೇಳಲ್ಲ, ನುಂಗಿಬಿಡ್ತಾರೆ. "ಫೋ ಕ್ ಜಿ ಆಯ್", ಅಂದ್ರೆ ನಾನಿನ್ನು ಹೊರಡ್ಬೇಕು. ಆಫೀಸಲ್ಲಿ ಸಂಜೆ ಆರಾದ್ರೆ ಎಲ್ಲರ ಬಾಯಲ್ಲೂ ಇದೇ. ಮೊದಲು ಅದನ್ನ ನಾಲಿಗೆ ಮೇಲೆ ಕೂರಿಸ್ಕೊಳ್ಳಿ, ಪ್ರೊಬಾಬ್ಲು ಪೊಸೀಬ್ಲು ಆಮೇಲೆ.

ಇನ್ನೊಂದು, ಇಲ್ ಎ ಆಂಪೊರ್ತಾಂ ಕ (ಹೀಗಾಗೋದು ಮುಖ್ಯ) ಅನ್ನೋದು ಪುಸ್ತಕದ ಭಾಷೆ. ಜನ ಮಾತಾಡುವಾಗ "ಸೆ ಆಂಪೊರ್ತಾಂ ಕ" ಅಂತಾರೆ. ಪರೀಕ್ಷೆಯಲ್ಲಿ ಪತ್ರ ಬರೆಯುವಾಗ ಇಲ್ ಎ, ಮಾತಿನ ಭಾಗದಲ್ಲಿ ಸೆ ಅಂದ್ರೂ ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಮಂಗಳೂರು_ಮೀನು · ರಾತ್ರಿ 9:48
ಹೊರಡುವಾಗ "ಹೋಗ್ಬೇಕು" ಅಂತಲೇ ಹೇಳುದಾ ಅವ್ರು? ನಮ್ಮಲ್ಲಿ ಹಾಗೆ ಹೇಳಿದ್ರೆ ಅಜ್ಜಿ ಬಾಯಿಗೆ ಹೊಡೀತಾರೆ ಮಾರಾಯ್ರೆ. "ಬರ್ತೇನೆ" ಅನ್ಬೇಕು.

ಲಿಯೋನ್‌_ವಾಸಿ · ರಾತ್ರಿ 9:50
ಹೌದು, ಹೋಗ್ಬೇಕು ಅಂತಲೇ. ಹೇಳಿ ಆಮೇಲೆ ಬಾಗಿಲ ಹತ್ರ ಇನ್ನೂ ಇಪ್ಪತ್ತು ನಿಮಿಷ ಮಾತಾಡ್ತಾರೆ. ಅದರಲ್ಲಿ ನಮ್ಮವರೇ.

ಹಳಗನ್ನಡ_ಮೇಷ್ಟ್ರು · ರಾತ್ರಿ 10:15
ಬವಣೆ ಅವರ ಪ್ರಶ್ನೆ ಚೆನ್ನಾಗಿದೆ. "ಅನುಮಾನ-ಖಾತ್ರಿ" ಸೂತ್ರ ಅರ್ಧ ಸತ್ಯ, ನಿಮ್ಮ ಹಾಳೆಯೇ ಅದಕ್ಕೆ ಸಾಕ್ಷಿ. ನಾನು ನಿವೃತ್ತಿಯಾದ ಮೇಲೆ ಫ್ರೆಂಚ್ ಕಲಿತವನು, ಕನ್ನಡದ ಮೂಲಕವೇ ಯೋಚಿಸಿ ಒಂದು ದಾರಿ ಹುಡುಕಿಕೊಂಡೆ.

ವಾಕ್ಯ ಏನು ಕೆಲಸ ಮಾಡುತ್ತಿದೆ ಅಂತ ಕೇಳಿಕೊಳ್ಳಿ. "ಅವನಿಗೆ ಹುಷಾರಿಲ್ಲ" ಎಂಬ ಸುದ್ದಿಯನ್ನು ತಿಳಿಸುತ್ತಿದ್ದೀರಾ, ಅಥವಾ ಆ ಸುದ್ದಿಯ ಬಗ್ಗೆ ನಿಮ್ಮ ಅಭಿಪ್ರಾಯ ಹೇಳುತ್ತಿದ್ದೀರಾ? "ಹುಷಾರಿಲ್ವಂತೆ" ಅಂದಾಗ ಸುದ್ದಿಯೇ ಮುಖ್ಯ, ಯಾರೋ ಹೇಳಿದ್ದನ್ನು ನೀವು ಮುಂದಕ್ಕೆ ದಾಟಿಸುತ್ತಿದ್ದೀರಿ. ಇಲ್ ಪಾರೆ ಕ ಎಂದರೆ ನಮ್ಮ "ಅಂತೆ", ಅಷ್ಟೇ. ಹಾಗಾಗಿ ಇಂಡಿಕೇಟಿವ್. "ಹುಷಾರಿಲ್ಲದ್ದು ಬೇಜಾರು" ಅಂದಾಗ ಸುದ್ದಿ ಇಬ್ಬರಿಗೂ ಮೊದಲೇ ಗೊತ್ತು, ನೀವು ಹೇಳುತ್ತಿರುವುದು ಬೇಜಾರನ್ನು. ಹಾಗಾಗಿ ಸಬ್ಜಂಕ್ಟಿವ್. ಖಾತ್ರಿಗೂ ಇದಕ್ಕೂ ಸಂಬಂಧವಿಲ್ಲ.

ಇಲ್ ಎ ನೊರ್ಮಾಲ್ ಕ (ಸಹಜ), ಇಲಾರೀವ್ ಕ (ಒಮ್ಮೊಮ್ಮೆ ಹಾಗಾಗುತ್ತದೆ) ಇವೂ ಅದೇ ಜಾತಿ. ರೈಲು ತಡವಾಗುವುದು ಕಣ್ಣೆದುರಿನ ಸತ್ಯ, ಆದರೂ ಇಲಾರೀವ್ ಕ ಆದಮೇಲೆ ಸ್ವಾ ಎಂದೇ ಬರಬೇಕು.

ಕಾಪಿಪುಡಿ · ರಾತ್ರಿ 10:19
ಮೇಷ್ಟ್ರೇ, ಹಂಗಾದ್ರೆ ಪ್ರೊಬಾಬ್ಲ್‌ಗೆ ಏನಂತೀರಿ? ಅದೂ ಅಭಿಪ್ರಾಯನೇ ಅಲ್ವಾ? ಅದಕ್ಕೇ ಹೇಳಿದ್ದು, ತರ್ಕ ಬೇಡ, ಪಟ್ಟಿ ಓದಿ.

ಹಳಗನ್ನಡ_ಮೇಷ್ಟ್ರು · ರಾತ್ರಿ 10:31
"ಬಹುಶಃ" ಹಾಕಿ ಕನ್ನಡದಲ್ಲಿ ಹೇಳಿ ನೋಡಿ: "ಬಹುಶಃ ನಾಳೆ ಬರ್ತಾನೆ". ಕ್ರಿಯಾಪದ ಏನಾದರೂ ಬದಲಾಯಿತೇ? ಇಲ್ಲ, ನೇರ "ಬರ್ತಾನೆ". ತುಸು ಅಳುಕಿನಿಂದ ಕೊಟ್ಟ ಸುದ್ದಿ ಅದು. ಪೊಸೀಬ್ಲ್‌ಗೆ ಬನ್ನಿ: "ಬರಬಹುದು", "ಬಂದಾನು". ಇಲ್ಲಿ ಕ್ರಿಯಾಪದವೇ ವೇಷ ಬದಲಿಸಿತು. ಫ್ರೆಂಚರು ಗೆರೆ ಎಳೆದದ್ದೂ ಹೆಚ್ಚುಕಡಿಮೆ ಇದೇ ಜಾಗದಲ್ಲಿ.

ಆದರೆ ಇಲ್ ಎ ಪ್ಯೊ ಪ್ರೊಬಾಬ್ಲ್ ಕ (ಬರುವುದು ಅನುಮಾನ) ಅಂದ ತಕ್ಷಣ ಮತ್ತೆ ಸಬ್ಜಂಕ್ಟಿವ್. ಸುದ್ದಿ ಕೊಡುವುದನ್ನು ಕೈಬಿಟ್ಟಿರಲ್ಲ.

ಧಾರವಾಡ_ಪೇಡಾ · ರಾತ್ರಿ 10:40
ಏ ಮೇಷ್ಟ್ರ, ಛಲೋ ಹೇಳಿದ್ರಿ. ಹೈಸ್ಕೂಲಿನ್ಯಾಗ ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥ ಅಂತ ಉರು ಹೊಡದಿದ್ವಿ. ಬಂದೇನು, ಬಂದಾನು, ಬಂದೀತು. ಹಂಗಾದ್ರ ಸಂಭಾವನಾರ್ಥನ ಸಬ್ಜಂಕ್ಟಿವ್ ಅಂತ ಬರ್ಕೊಂಡ್ರ ಆತಲ್ರಿ?

ಹಳಗನ್ನಡ_ಮೇಷ್ಟ್ರು · ರಾತ್ರಿ 10:52
ಬರ್ಕೋಬೇಡಿ. "ಮಳೆ ಬಂದೀತು" ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ಫ್ರೆಂಚಿನ ಸಬ್ಜಂಕ್ಟಿವ್ ಸಾಮಾನ್ಯವಾಗಿ "ಕ" ಹಿಂದೆ ಬಾಲದಂತೆ ಬರುತ್ತದೆ. ಅದಕ್ಕೆ ಹೆಚ್ಚು ಹತ್ತಿರದ್ದು ವಿಧ್ಯರ್ಥ. "ಬರಲಿ!" ಎಂದರೆ "ಕಿಲ್ ವಿಯೆನ್!", ಅಕ್ಷರಕ್ಕೆ ಅಕ್ಷರ. "ಅವನು ಬರಲಿ ಅಂತ ನನಗಾಸೆ", "ಅವನು ಬರ್ತಾನೆ ಅಂತ ನನಗೆ ಗೊತ್ತು". ಮೊದಲನೆಯ "ಅಂತ"ದ ಹಿಂದೆ ಬರಲಿ, ಎರಡನೆಯದರ ಹಿಂದೆ ಬರ್ತಾನೆ. ಈ ಭೇದ ನಾವು ಹುಟ್ಟುತ್ತಲೇ ಕಲಿತದ್ದು.

ಮಾಂಟ್ರಿಯಲ್_ಮಂಜು · ರಾತ್ರಿ 11:30
ಇಲ್ಲಿ ಮಧ್ಯಾಹ್ನ, ಊಟದ ಬಿಡುವಲ್ಲಿ ಓದ್ತಿದೀನಿ. ಮೇಷ್ಟ್ರ ಮಾತಿಂದ ಒಂದು ಪರೀಕ್ಷೆ ಹೊಳೀತು, ತಪ್ಪಿದ್ರೆ ಬೈರಿ.

ವಾಕ್ಯವನ್ನ ಕನ್ನಡದಲ್ಲಿ "ಬರ್ತಾನೆ ಅನ್ನೋದು..." ಅಂತ ಹೇಳಕ್ಕಾಗುತ್ತಾ ನೋಡಿ.
"ಬರ್ತಾನೆ ಅನ್ನೋದು ನಿಜ", "ಬರ್ತಾನೆ ಅನ್ನೋದು ಖಚಿತ", "ಬರ್ತಾನೆ ಅನ್ನೋದು ಸ್ಪಷ್ಟ": ಮೂರೂ ಸಲೀಸು. ಫ್ರೆಂಚಲ್ಲಿ ವ್ರೆ, ಸೆರ್ತಾಂ, ಕ್ಲೇರ್. ಮೂರಕ್ಕೂ ಇಂಡಿಕೇಟಿವ್.
"ಬರ್ತಾನೆ ಅನ್ನೋದು ಮುಖ್ಯ", "ಬರ್ತಾನೆ ಅನ್ನೋದು ಅಗತ್ಯ": ಕಿವಿಗೆ ಒರಟು, ಅರ್ಥನೂ ಜಾರುತ್ತೆ. "ಬರೋದು ಮುಖ್ಯ", "ಬರೋದು ಅಗತ್ಯ" ಅಂತಲೇ ಹೇಳೋದು ನಾವು. ಫ್ರೆಂಚಲ್ಲಿ ಆಂಪೊರ್ತಾಂ, ನೆಸೆಸೇರ್. ಎರಡಕ್ಕೂ ಸಬ್ಜಂಕ್ಟಿವ್.

ಅಂದ್ರೆ "ಅನ್ನೋದು" ಕೂತ್ಕೊಂಡ್ರೆ ಇಂಡಿಕೇಟಿವ್, ಕೂರದೆ ಬರೀ "ಬರೋದು", "ಹೋಗಿದ್ದು" ಅಂತ ಬಂದ್ರೆ ಸಬ್ಜಂಕ್ಟಿವ್. ಬವಣೆ ಅವರ ಬೇಜಾರಿನ ವಾಕ್ಯನೂ ಪಾಸು: "ಹುಷಾರಿಲ್ಲದ್ದು ಬೇಜಾರು".

ಕಾಪಿಪುಡಿ · ರಾತ್ರಿ 11:36
"ಬರೋದು ಖಚಿತ" ಅಂತಾನೂ ಹೇಳ್ತೀವಿ. ಬಿತ್ತು ನಿಮ್ಮ ಪರೀಕ್ಷೆ.

ಮಾಂಟ್ರಿಯಲ್_ಮಂಜು · ರಾತ್ರಿ 11:41
ಬಿದ್ದಿಲ್ಲ ಗುರು. ನಾನು ಕೇಳಿದ್ದು "ಅನ್ನೋದು" ಕೂರುತ್ತಾ ಅಂತ. "ಬರೋದು ಖಚಿತ"ದಲ್ಲಿ ತಂದು ಕೂರಿಸಿದ್ರೂ ಅರ್ಥ ಅಲ್ಲೇ ಇರುತ್ತೆ. "ಮುಖ್ಯ"ದಲ್ಲಿ ಕೂರಿಸಿದ್ರೆ ಕೆಡುತ್ತೆ.

ಕಾಪಿಪುಡಿ · ರಾತ್ರಿ 11:44
"ಬರ್ತಾನೆ ಅನ್ನೋದು ಖಚಿತ ಅಲ್ಲ". ಚೆನ್ನಾಗೇ ಕೂತಿದೆ. ಆದ್ರೆ ಇಲ್ ನೆ ಪಾ ಸೆರ್ತಾಂ ಕಿಲ್ ವಿಯೆನ್, ಸಬ್ಜಂಕ್ಟಿವ್. ಈಗ?

ಮಾಂಟ್ರಿಯಲ್_ಮಂಜು · ರಾತ್ರಿ 11:50
...ಸರಿ, ಇದು ಬಿತ್ತು. "ಅಲ್ಲ" ಬಂದ್ರೆ ಪರೀಕ್ಷೆ ನಡೆಯಲ್ಲ. ಖಚಿತದ ಗುಂಪಿಗೆ "ಅಲ್ಲ" ಅಂಟಿದ್ರೆ ಸಬ್ಜಂಕ್ಟಿವ್ ಅಂತ ಪಕ್ಕದಲ್ಲೊಂದು ಚೀಟಿ ಅಂಟಿಸ್ಕೊಳ್ಳಿ. ಇಷ್ಟಾದ್ರೂ ಎರಡು ಪುಟಕ್ಕಿಂತ ಕಡಿಮೆ.

ಸೋಮಾರಿ_ಸಿದ್ದ · ರಾತ್ರಿ 11:58
ಯಾಕಿಷ್ಟು ಗುದ್ದಾಟ? "ಕ" ಹಾಕ್ಲೇಬೇಡಿ. ಇಲ್ ಫೋ ಪಾರ್ತೀರ್, ಹೊರಡ್ಬೇಕು, ಮುಗೀತು. ಇಲ್ ಎ ಆಂಪೊರ್ತಾಂ ದ ದೊರ್ಮೀರ್, ನಿದ್ದೆ ಮಾಡೋದು ಮುಖ್ಯ. ಸಬ್ಜಂಕ್ಟಿವ್ ಹತ್ರಾನೇ ಸುಳಿಯಲ್ಲ. ನಾನು ಎರಡು ವರ್ಷ ಹೀಗೇ ಕಾಲ ತಳ್ಳಿದೀನಿ.

ಲಿಯೋನ್‌_ವಾಸಿ · ರಾತ್ರಿ 12:05
ಯಾರು ಅಂತ ಹೇಳೋ ಅಗತ್ಯ ಇಲ್ಲದಾಗ ಅದೇ ಸರಿ ಕೂಡ. "ನೀನು" ಹೊರಡ್ಬೇಕಾ, "ಅವರು" ಹೊರಡ್ಬೇಕಾ ಅಂತ ಬಂದಾಗ ಕ ಬೇಕೇಬೇಕು. ಪರೀಕ್ಷೆಯಲ್ಲಿ ಪೂರ್ತಿ ತಪ್ಪಿಸ್ಕೊಂಡ್ರೆ ನಿಮಗೆ ಬರಲ್ಲ ಅಂತಲೇ ಅಂದ್ಕೊಳ್ತಾರೆ.

ಈ "ಇಲ್ ಫೋ"ಗೆ "ಇಲ್ಲ" ಸೇರಿಸುವಾಗ ಹುಷಾರು. ಬಂದ ಹೊಸದರಲ್ಲಿ ಮನೆ ಬದಲಾಯಿಸ್ತಿದ್ದೆ. ಪಕ್ಕದ ಮನೆ ಅಜ್ಜಿ, ಎಂಬತ್ತರ ಹತ್ರ ವಯಸ್ಸು, ಡಬ್ಬ ಕಟ್ಟೋಕೆ ನಾನೂ ಬರ್ತೀನಿ ಅಂದ್ರು. ಪಾಪ, ನಿಮಗ್ಯಾಕೆ ತೊಂದರೆ, ನೀವು ಬರೋದು ಬೇಡ ಅನ್ನೋಕೆ ಹೋಗಿ ಬಹಳ ವಿನಯದಿಂದ "ಇಲ್ ನ ಫೋ ಪಾ ಕ ವು ವನ್ಯೆ" ಅಂದೆ. ಅಜ್ಜಿ ಮುಖ ಸಣ್ಣದಾಯ್ತು. ಕೈಯಲ್ಲಿದ್ದ ಅಂಟು ಟೇಪಿನ ಸುರುಳಿಯನ್ನ ಮೆಟ್ಟಿಲ ಮೇಲಿಟ್ಟು ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರು. ಮಾರನೇ ದಿನ ಆಫೀಸಲ್ಲಿ ಕೇಳಿದ್ರೆ, ನಾನು ಹೇಳಿದ್ದು "ನೀವು ಬರಕೂಡದು" ಅಂತ! "ಬೇಕಾಗಿಲ್ಲ" ಅನ್ನೋಕೆ "ಸ ನೆ ಪಾ ಲಾ ಪೆನ್ ಕ ವು ವನ್ಯೆ" ಅನ್ನಬೇಕಿತ್ತು. ಸಬ್ಜಂಕ್ಟಿವ್ ಎರಡರಲ್ಲೂ ಒಂದೇ, ಸರಿಯಾಗೇ ಹೇಳಿದ್ದೆ. ಮಾನ ಹೋಗಿದ್ದು ಅದರ ಹಿಂದಿನ ಮಾತಲ್ಲಿ.

ಧಾರವಾಡ_ಪೇಡಾ · ಬೆಳಗ್ಗೆ 6:50
ಅಜ್ಜಿ ಆಮ್ಯಾಲೆ ಮಾತಾಡ್ಸಿದ್ರೋ ಇಲ್ಲೋ?

ಲಿಯೋನ್‌_ವಾಸಿ · ಬೆಳಗ್ಗೆ 11:10
ಕೊಬ್ಬರಿ ಮಿಠಾಯಿ ತಗೊಂಡು ಹೋಗಿ ಕ್ಷಮೆ ಕೇಳಿದೆ. ನಕ್ಕರು. ಟೇಪ್ ಮಾತ್ರ ವಾಪಸ್ ಇಸ್ಕೊಂಡ್ರು.

ಹಳಗನ್ನಡ_ಮೇಷ್ಟ್ರು · ಬೆಳಗ್ಗೆ 11:25
ಇದು ನಮ್ಮ "ಬೇಡ" ಮಾಡಿದ ಮೋಸ. ಬೇಕಾಗಿಲ್ಲ, ಕೂಡದು ಎರಡಕ್ಕೂ ನಾವು ಬೇಡ ಎನ್ನುತ್ತೇವೆ, ದನಿಯಿಂದ ಅರ್ಥವಾಗುತ್ತದೆ.

ಹೇಗೂ ಫೋ ಬಂತಲ್ಲ, ಒಂದು ಸಂಗತಿ. ಫೋ ಎಂಬುದು ಫಾಲ್ವಾರ್ ಎಂಬ ಧಾತುವಿನದು. ಅದಕ್ಕೆ ನಾನು-ನೀನು ರೂಪಗಳೇ ಇಲ್ಲ, "ಇಲ್" ಒಂದರ ಜೊತೆ ಮಾತ್ರ ಬಳಕೆ. ಲ್ಯಾಟಿನ್ನಿನಲ್ಲಿ ತಪ್ಪುವುದು, ಕೈಕೊಡುವುದು ಎಂಬ ಅರ್ಥದ ಧಾತುವಿನಿಂದ ಬಂದು, ಕೊರತೆಯಾಗುವುದು ಎಂದಾಗಿ, ಕೊನೆಗೆ ಬೇಕಾಗುವುದು ಎಂದಾಯಿತು. ನಮ್ಮ ಬೇಕು ಕೂಡ ಹೀಗೇ ಒಂಟಿ. ಹಳಗನ್ನಡದ ಬೇೞ್ಕುಂ ಸವೆದು ಬೇಕು ಆಗಿದ್ದು. ಬೇಕೆನು, ಬೇಕಾನು ಎಂದು ಯಾರಾದರೂ ಅನ್ನುತ್ತಾರೆಯೇ? ಬೇಕು, ಸಾಕು, ಸಾಲದು, ಕೂಡದು, ಎಲ್ಲವೂ ಯಾರ ಮೈಗೂ ಅಂಟದ ಕ್ರಿಯಾಪದಗಳು. "ನೀನು ಬಂದರೆ ಸಾಕು" ಎಂದರೆ ಇಲ್ ಸುಫಿ ಕ ತ್ಯು ವಿಯೆನ್. ಇಂಪರ್ಸನಲ್ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಹೆದರಿಕೆ, ಮನೆಯಲ್ಲಿ ಮಾತ್ರ ದಿನಕ್ಕೆ ನೂರು ಸಲ ಅದೇ.

ಮಂಗಳೂರು_ಮೀನು · ಬೆಳಗ್ಗೆ 11:32
ಅರ್ಥ ಎಲ್ಲ ಆಯ್ತು. ರೂಪ ಹೇಗೆ ಮಾಡುದು ಅಂತ ಯಾರೂ ಹೇಳ್ಲಿಲ್ಲ. ನನಗೆ ಅದೇ ತಲೆನೋವು.

ಮಾಂಟ್ರಿಯಲ್_ಮಂಜು · ಸಂಜೆ 5:15
"ಅವರು" ರೂಪ ತಗೊಳ್ಳಿ, ಅದೇ ಸದ್ದು "ನಾನು"ಗೆ ಹಾಕಿ. ಸ್ಪೆಲಿಂಗಲ್ಲಿ ನೋಡಿದ್ರೆ ಬಾಯಿಗೆ ಬರದ ಅಕ್ಷರಗಳ ಜಾತ್ರೆ, ಕನ್ನಡ ಲಿಪಿಯಲ್ಲಿ ಬರೆದ್ರೆ ಸದ್ದಷ್ಟೇ ಉಳಿಯುತ್ತೆ:

ಜ ಪಾರ್ (ಹೊರಡ್ತೀನಿ), ಇಲ್ ಪಾರ್ತ್ (ಹೊರಡ್ತಾರೆ), ಇಲ್ ಫೋ ಕ ಜ ಪಾರ್ತ್.
ಜ ಫಿನಿ (ಮುಗಿಸ್ತೀನಿ), ಇಲ್ ಫಿನಿಸ್, ಕ ಜ ಫಿನಿಸ್.
ಜ ದಿ (ಹೇಳ್ತೀನಿ), ಇಲ್ ದೀಜ್, ಕ ಜ ದೀಜ್.
ಜ ಪ್ರಾಂ (ತಗೋತೀನಿ), ಇಲ್ ಪ್ರೆನ್, ಕ ಜ ಪ್ರೆನ್.

ಮುಚ್ಚಿಕೊಂಡಿದ್ದ ವ್ಯಂಜನ ಕೊನೆಯಲ್ಲಿ ಬಾಯಿ ಬಿಡುತ್ತೆ, ಅಷ್ಟೇ. ಪಾರ್ಲೆ (ಮಾತಾಡು) ಥರದ ಧಾತುಗಳಲ್ಲಿ ಅದೂ ಇಲ್ಲ: ಜ ಪಾರ್ಲ್, ಇಲ್ ಫೋ ಕ ಜ ಪಾರ್ಲ್. ನೀವು ಈಗಾಗ್ಲೇ ಎಷ್ಟೋ ಸಬ್ಜಂಕ್ಟಿವ್ ಗೊತ್ತಿಲ್ಲದೇ ಸರಿಯಾಗಿ ಹೇಳಿರ್ತೀರಿ. ನು (ನಾವು), ವು (ನೀವು) ಎರಡಕ್ಕೆ ಮಾತ್ರ ಕೊನೆಯಲ್ಲಿ ಯೋಂ, ಯೆ: ಕ ನು ಪಾರ್ತ್ಯೋಂ.

ಬಾಯಿಪಾಠ ಮಾಡ್ಬೇಕಾದ್ದು ಬೆರಳೆಣಿಕೆ. ಸ್ವಾ (ಇರು), ಎ (ಹೊಂದಿರು), ಆಯ್ (ಹೋಗು), ಫಾಸ್ (ಮಾಡು), ಸಾಶ್ (ತಿಳಿ), ಪ್ವೀಸ್ (ಆಗು, ಸಾಧ್ಯವಾಗು), ವೋಯ್ (ಬಯಸು). ಇದರಲ್ಲಿ ಎ ಮತ್ತು ಆಯ್ ಅದಲುಬದಲಾಗದ ಹಾಗೆ ನೋಡ್ಕೊಳ್ಳಿ. "ಇಲ್ ಫೋ ಕ ಜೆ ದ ಲಾರ್ಜಾಂ" ನನ್ನ ಹತ್ರ ದುಡ್ಡಿರಬೇಕು, "ಇಲ್ ಫೋ ಕ ಜಾಯ್" ನಾನು ಹೋಗ್ಬೇಕು.

ಕಾಪಿಪುಡಿ · ಸಂಜೆ 5:22
ನೋಡಿ, ಕೊನೆಗೂ ಪಟ್ಟಿಗೇ ಬಂದ್ರಿ 😄

ನಿವೃತ್ತ_ಬ್ಯಾಂಕು · ಸಂಜೆ 6:40
ನಾನು ಕಾಲೇಜಿನಲ್ಲಿ ಫ್ರೆಂಚ್ ಓದುವಾಗ, ಮುಖ್ಯ ವಾಕ್ಯ ಭೂತಕಾಲದಲ್ಲಿದ್ದರೆ ಸಬ್ಜಂಕ್ಟಿವ್ ಕೂಡ ಭೂತಕಾಲಕ್ಕೆ ಹೋಗಬೇಕು ಎಂದು ಕಲಿಸಿದ್ದರು. ಇಲ್ ಫಾಲೆ ಕಿಲ್ ವ್ಯಾಂ (ಅವನು ಬರಬೇಕಿತ್ತು). ಈಗಿನವರು ಇದನ್ನು ಓದುವುದೇ ಇಲ್ಲವೇ?

ಹಳಗನ್ನಡ_ಮೇಷ್ಟ್ರು · ಸಂಜೆ 6:58
ಅದು ಈಗ ಹಳೆಯ ಸಾಹಿತ್ಯದಲ್ಲಿ ಓದಿ ಗುರುತು ಹಿಡಿಯಲು ಮಾತ್ರ ಸಾರ್. ಮಾತಿನಲ್ಲಿ ಇಲ್ ಫಾಲೆ ಕಿಲ್ ವಿಯೆನ್ ಎಂದೇ ಹೇಳುತ್ತಾರೆ. ನಡೆದುಹೋದದ್ದಕ್ಕೆ ಬೇರೆ ರೂಪವಿದೆ: ಸೆ ದೊಮಾಜ್ ಕಿಲ್ ಸ್ವಾ ಪಾರ್ತಿ, ಅವನು ಹೊರಟುಹೋಗಿದ್ದು ಬೇಜಾರು. ಬಿ1ಗೆ ಇಷ್ಟು ಧಾರಾಳ.

ಕೆನಡಾ_ಕನಸು · ರಾತ್ರಿ 8:05
ದೆಲ್ಫ್ ಬರೆದ್ರೆ ಕೆನಡಾಕ್ಕೆ ಪಾಯಿಂಟ್ ಸಿಗುತ್ತಾ?

ಮಾಂಟ್ರಿಯಲ್_ಮಂಜು · ರಾತ್ರಿ 8:30
ಎಕ್ಸ್‌ಪ್ರೆಸ್ ಎಂಟ್ರಿ ಅನ್ನೋ ಕೆನಡಾ ವಲಸೆ ಅರ್ಜಿಗೆ ದೆಲ್ಫ್ ನಡೆಯಲ್ಲ. ಟೆಫ್ ಕೆನಡಾ ಅಥವಾ ಟಿಸಿಎಫ್ ಕೆನಡಾ ಅನ್ನೋ ಫ್ರೆಂಚ್ ಪರೀಕ್ಷೆ ಬರೀಬೇಕು, ನಾಲ್ಕೂ ವಿಭಾಗದಲ್ಲಿ ಎನ್‌ಸಿಎಲ್‌ಸಿ 7 (ಫ್ರೆಂಚ್ ಮಟ್ಟಕ್ಕೆ ಕೆನಡಾದ ಅಳತೆ) ಬಂದ್ರೆ ಹೆಚ್ಚುವರಿ ಪಾಯಿಂಟ್. ಅದರ ಫಲಿತಾಂಶ ಎರಡು ವರ್ಷ ಮಾತ್ರ ಚಾಲ್ತಿ, ದೆಲ್ಫ್ ಜೀವನಪೂರ್ತಿ. ಈಗ ಇದನ್ನ ವೀಸಾ ಚರ್ಚೆ ಮಾಡ್ಬೇಡ್ರಪ್ಪಾ, ಕೈ ಮುಗೀತೀನಿ.

ಸೋಮಾರಿ_ಸಿದ್ದ · ರಾತ್ರಿ 8:34
ಬವಣೆ ಮೇಡಂ, ದೆಲ್ಫ್‌ಗೆ 100ಕ್ಕೆ 50 ಸಾಕು, ಪ್ರತಿ ವಿಭಾಗದಲ್ಲೂ 25ಕ್ಕೆ 5 ದಾಟಿರಬೇಕು ಅಷ್ಟೇ. ಒಂದು ಸಬ್ಜಂಕ್ಟಿವ್ ತಪ್ಪಿದ್ರೆ ಆಕಾಶ ಬೀಳಲ್ಲ. ನಿದ್ದೆ ಮಾಡಿ.

ಲಿಯೋನ್‌_ವಾಸಿ · ರಾತ್ರಿ 8:50
ಒಂದು ಉಳೀತು. ಇಲ್ ಸಾಂಬ್ಲ್ ಕ. ಇದು ದೊಡ್ಡ ಕಿರಿಕ್ಕು. "ಹಾಗೆ ಕಾಣುತ್ತೆ" ಅನ್ನೋದಕ್ಕೆ ಸಬ್ಜಂಕ್ಟಿವ್. ನಡುವೆ ಒಂದು "ಮ" ಸೇರಿಸಿ ಇಲ್ ಮ ಸಾಂಬ್ಲ್ ಕ, "ನನಗೆ ಅನ್ನಿಸುತ್ತೆ" ಅಂದ್ರೆ ಇಂಡಿಕೇಟಿವ್.

ಕಾಪಿಪುಡಿ · ರಾತ್ರಿ 8:57
ಇಲ್ ಸಾಂಬ್ಲ್ ಕ ಆದಮೇಲೆ ಇಂಡಿಕೇಟಿವ್ ಹಾಕಿದ್ದನ್ನೂ ಪತ್ರಿಕೆಯಲ್ಲಿ ಓದಿದೀನಿ.

ಹಳಗನ್ನಡ_ಮೇಷ್ಟ್ರು · ರಾತ್ರಿ 9:10
ಓದಿರುತ್ತೀರಿ. ಅಲ್ಲಿ ಎರಡೂ ನಡೆಯುತ್ತದೆ, ಬರೆಯುವವನಿಗೆ ಅದು ವಾಸ್ತವವೆಂದೇ ತೋರಿದರೆ ಇಂಡಿಕೇಟಿವ್ ಹಾಕುತ್ತಾನೆ. ಆದರೆ ಪರೀಕ್ಷೆಗೆ ಹೋಗುವವರಿಗೆ ಇದನ್ನು ಹೇಳಿ ಗೊಂದಲ ಮಾಡಬಾರದಿತ್ತು. ಸಬ್ಜಂಕ್ಟಿವ್ ಹಾಕಿ ಬನ್ನಿ. "ಮ" ಬಂದರೆ ಮಾತ್ರ ಅನುಮಾನವೇ ಬೇಡ: ನನಗೆ ಅನ್ನಿಸಿದ್ದನ್ನು ನಾನು ಹೇಳುತ್ತಿದ್ದೇನೆ, ಅದು ನೇರ ಹೇಳಿಕೆ.

ಮಂಗಳೂರು_ಮೀನು · ರಾತ್ರಿ 9:14
ಆಪ್ರೆ ಕ (ಹೀಗಾದ ನಂತರ) ಅಂದ್ಮೇಲೆ ಯಾವ್ದು? ನಮ್ಮ ಟೀಚರ್ ಇಂಡಿಕೇಟಿವ್ ಅಂತಾರೆ, ಯೂಟ್ಯೂಬಲ್ಲಿ ಫ್ರೆಂಚರೇ ಸಬ್ಜಂಕ್ಟಿವ್ ಹೇಳ್ತಾರೆ.

ಲಿಯೋನ್‌_ವಾಸಿ · ರಾತ್ರಿ 9:16
ಟೀಚರ್ ಸರಿ. ಫ್ರೆಂಚರು ತಪ್ಪು. ಇದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಬೇಡ 🙏

ಬೀಒನ್_ಬವಣೆ · ರಾತ್ರಿ 10:02
ಅಯ್ಯೋ, ಆಫೀಸಿಂದ ಬಂದು ನೋಡಿದ್ರೆ ಇಷ್ಟೊಂದು! ಎಲ್ಲರಿಗೂ ಥ್ಯಾಂಕ್ಸ್. "ಅನ್ನೋದು" ಪರೀಕ್ಷೆ ಹಿಡ್ಕೊಂಡು ಹಳೇ ಹಾಳೆಯ ಹನ್ನೊಂದು ವಾಕ್ಯ ಮತ್ತೆ ಮಾಡಿದೆ, ಒಂಬತ್ತು ಸರಿ ಬಂತು. ತಪ್ಪಿದ ಎರಡೂ "ಅಲ್ಲ" ಇದ್ದವೇ, ಕಾಪಿಪುಡಿ ಸಾರ್ ಹೇಳಿದ ಹಾಗೇ. ಹೊಸದಾಗಿ ಬರೆದದ್ದು ನೋಡಿ ಹೇಳಿ:

1. ಇಲ್ ಫೋ ಕ ಜ ಫಾಸ್ ಮೆ ದ್ವಾರ್. (ಹೋಂವರ್ಕ್ ಮಾಡ್ಬೇಕು)
2. ಇಲ್ ವೋ ಮ್ಯೊ ಕ ನು ಪಾರ್ತ್ಯೋಂ. (ನಾವು ಹೊರಡೋದೇ ವಾಸಿ)
3. ಇಲ್ ಪಾರೆ ಕ ಲೆಗ್ಸಾಮ್ಯಾಂ ಎ ದಿಫಿಸೀಲ್. (ಪರೀಕ್ಷೆ ಕಷ್ಟ ಅಂತೆ)
4. ಇಲ್ ಎ ತಾಂ ಕ ಜಾಯ್ ಓ ಲೀ. (ಮಲಗೋ ಹೊತ್ತಾಯ್ತು)
5. ಇಲ್ ಮ ಸಾಂಬ್ಲ್ ಕ ಜ ಪ್ವೀಸ್ ರೆಯುಸೀರ್. (ಪಾಸಾಗಬಲ್ಲೆ ಅಂತ ನನಗನ್ನಿಸುತ್ತೆ)

ಹಳಗನ್ನಡ_ಮೇಷ್ಟ್ರು · ರಾತ್ರಿ 10:09
ನಾಲ್ಕೂ ಚಿನ್ನ. ಐದನೆಯದರಲ್ಲಿ "ಮ" ಇದೆ ನೋಡಮ್ಮ. ನಿಮಗೇ ಅನ್ನಿಸುತ್ತಿರುವಾಗ ಪ್ವೀಸ್ ಯಾಕೆ? ಜ ಪ್ಯೊ.